ಜೀಪ್ ನಿಂತಿದೆ, ಸರ್ವರ್ ಯಾಕೆ ಓಡುತ್ತಿದೆ?

ಪ್ರಶ್ನೆ: ವಿರಾಜಪೇಟೆಯಲ್ಲಿ ನಾವು ಮೂವರು ಸೇರಿ ಹೋಂಸ್ಟೇಗಳಿಗೆ ಬುಕಿಂಗ್ ಸಾಫ್ಟ್‌ವೇರ್ ನಡೆಸುತ್ತಿದ್ದೇವೆ. ಸದ್ಯ 40 ಹೋಂಸ್ಟೇಗಳಿವೆ. ಕೋಣೆಯ ಜೊತೆಗೆ ಮಾಂದಲಪಟ್ಟಿ ಬೆಟ್ಟಕ್ಕೆ ಜೀಪ್ ಬುಕ್ ಮಾಡುವ ಸೌಲಭ್ಯವನ್ನೂ ಕೊಟ್ಟಿದ್ದೇವೆ. ಮಳೆಗಾಲಕ್ಕೆಂದು ಜೂನ್ ಮೊದಲ ದಿನವೇ ಅದನ್ನು ಆಫ್ ಮಾಡಿದೆವು. ಆ್ಯಪ್‌ನಲ್ಲಿ ಬಟನ್ ಕಾಣುವುದಿಲ್ಲ, ಒಂದೇ ಒಂದು ಜೀಪ್ ಬುಕಿಂಗ್ ಬಂದಿಲ್ಲ. ಆದರೂ ಡೇಟಾಬೇಸ್ ಮೇಲಿನ ಹೊರೆ ಇಳಿದಿಲ್ಲ. ದೂರ ಲೆಕ್ಕ ಹಾಕಲು ಬಳಸುವ ನಕ್ಷೆ ಸೇವೆಯ ಬಿಲ್ ಮೇ ತಿಂಗಳಷ್ಟೇ ಬಂದಿದೆ. ಕೋಡಿನ ತುಣುಕು, ಐದು ನಿಮಿಷಕ್ಕೊಮ್ಮೆ ತಾನೇ ಓಡುವ ಕೆಲಸದ, ಅಂದರೆ ಕ್ರಾನ್ ಜಾಬ್‌ನ, ವಿವರ ಎರಡನ್ನೂ ಕಳಿಸಿದ್ದೇವೆ. ಎಲ್ಲಿ ತಪ್ಪಿದ್ದೇವೆ? ಆಫ್ ಇದ್ದಾಗ ಜೀಪ್‌ನ ಎಪಿಐ (ಆ್ಯಪ್ ಬಂದು ಕೇಳುವ ಸರ್ವರ್‌ನ ಕಿಂಡಿ) 404, ಅಂದರೆ ‘ಇಲ್ಲಿ ಅಂಥದ್ದಿಲ್ಲ’ ಎಂಬ ಉತ್ತರ, ಕೊಡಬೇಕೇ?

ಉತ್ತರ: ನೀವು ಮುಚ್ಚಿದ್ದು ಬಟನ್ ಒಂದನ್ನೇ. ಅದರ ಹಿಂದೆ ನಡೆಯುವ ಕೆಲಸಕ್ಕೆ ಮಳೆಗಾಲ ಬಂದದ್ದು ಇನ್ನೂ ಗೊತ್ತಾಗಿಲ್ಲ. ಗದ್ದೆಗೆ ನೀರು ಸಾಕೆನಿಸಿದಾಗ ಯಾರೂ ಕೊನೆಯ ಮಡಿಯ ಬಾಯಿಗೆ ಮಣ್ಣು ಹಾಕಿ ಮನೆಗೆ ಹೋಗುವುದಿಲ್ಲ. ಹೋದರೆ ಬೆಳಿಗ್ಗೆಗೆ ಬದು ಇರುವುದಿಲ್ಲ. ತೋಡಿನಿಂದ ನೀರು ಗದ್ದೆಯ ಕಡೆ ತಿರುಗುವಲ್ಲೇ ಕಟ್ಟುತ್ತಾರೆ. ನಿಮ್ಮ ಸಾಫ್ಟ್‌ವೇರಿನಲ್ಲಿ ಅಂಥ ತಿರುವು ಒಂದಲ್ಲ, ನನ್ನ ಲೆಕ್ಕಕ್ಕೆ ನಾಲ್ಕಾದರೂ ಇವೆ.

ಮೊದಲಿಗೆ ನೀವು ಕಳಿಸಿದ ಕೋಡ್. ಅದನ್ನು ಕನ್ನಡದಲ್ಲಿ ಬರೆದರೆ ಇಷ್ಟು:

ಜೀಪುಗಳು = ಡೇಟಾಬೇಸ್‌ನಿಂದ ತೆಗೆ (ಹೋಂಸ್ಟೇ, ದಿನ)
ದೂರ = ನಕ್ಷೆ ಸೇವೆಯನ್ನು ಕೇಳು (ಹೋಂಸ್ಟೇ, ಜೀಪ್ ಹತ್ತುವ ಜಾಗ)
ದರ = ಲೆಕ್ಕ ಹಾಕು (ಜೀಪುಗಳು, ದೂರ)
ಜೀಪ್ ಸೌಲಭ್ಯ ಆನ್ ಇದ್ದರೆ: ಉತ್ತರಕ್ಕೆ ದರ ಸೇರಿಸು

ದುಡ್ಡು ಖರ್ಚಾಗುವುದು ಮೊದಲ ಎರಡು ಸಾಲುಗಳಲ್ಲಿ. ನಾಲ್ಕನೆಯ ಸಾಲು, ಮಾಡಿಟ್ಟ ಅಡುಗೆಯನ್ನು ಬಡಿಸಬೇಕೋ ಚೆಲ್ಲಬೇಕೋ ಎಂದು ಮಾತ್ರ ತೀರ್ಮಾನಿಸುತ್ತದೆ. ಅಲ್ಲಿ ಕೇಳಿದ ಪ್ರಶ್ನೆಯನ್ನು ಮೊದಲ ಸಾಲಿಗಿಂತ ಮೇಲೆ ಕೇಳಿ. ಆಫ್ ಇದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಇಂಥ ಕೋಡ್ ಬರೆಯುವವರು ದಡ್ಡರೇನಲ್ಲ. ಸೌಲಭ್ಯ ಮೊದಲು ಕಟ್ಟಿರುತ್ತಾರೆ, ಅದನ್ನು ಆನ್, ಆಫ್ ಮಾಡುವ ಸ್ವಿಚ್ಚು, ಅಂದರೆ ಫೀಚರ್ ಫ್ಲ್ಯಾಗ್, ಆಮೇಲೆ ಬಂದಿರುತ್ತದೆ. ಆಮೇಲೆ ಬಂದವನು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ತೋರಿಸುವ ಸಾಲಿನಲ್ಲಿ, ಷರತ್ತು ಹಾಕಿ ಹೋಗಿರುತ್ತಾನೆ. ಟೆಸ್ಟ್ ಮಾಡಿದಾಗ ಬಟನ್ ಕಾಣಲಿಲ್ಲ, ಎಲ್ಲರಿಗೂ ಸಮಾಧಾನ.

ಇದೇ ತಪ್ಪಿಗೆ ಇನ್ನೊಂದು ವೇಷ ಇದೆ. ಅದು ಪಳಗಿದವರನ್ನೂ ಬೀಳಿಸುತ್ತದೆ. ನಿಮ್ಮ ಎರಡನೇ ತುಣುಕಿನಲ್ಲಿ ‘ಸೇರಿಸು’ ಎಂಬ ಫಂಕ್ಷನ್‌ಗೆ ಎರಡು ಸಂಗತಿ ಕೊಟ್ಟಿದ್ದೀರಿ: ಫ್ಲ್ಯಾಗ್ ಒಂದು, ‘ದರ ಲೆಕ್ಕ ಹಾಕು’ ಎಂಬ ಕರೆ ಇನ್ನೊಂದು. ಫ್ಲ್ಯಾಗ್ ನೋಡುವ ಕೆಲಸ ‘ಸೇರಿಸು’ ಒಳಗೆ ಇದೆ. ಓದಲು ಚೆನ್ನಾಗಿದೆ. ಆದರೆ ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಮೂರರಲ್ಲೂ ಫಂಕ್ಷನ್ ಒಳಗೆ ಕಾಲಿಡುವ ಮೊದಲೇ ಅದಕ್ಕೆ ಕೊಟ್ಟದ್ದೆಲ್ಲ ಲೆಕ್ಕವಾಗಿ ಮುಗಿದಿರುತ್ತದೆ. ‘ಸೇರಿಸು’ ಒಳಗೆ ಹೋಗಿ ಫ್ಲ್ಯಾಗ್ ನೋಡಿ ‘ಓ, ಆಫ್ ಇದೆ’ ಎನ್ನುವ ಹೊತ್ತಿಗೆ ನಕ್ಷೆ ಸೇವೆಗೆ ಕರೆ ಹೋಗಿ ಬಂದಾಗಿದೆ. ಲೆಕ್ಕದ ಫಲವನ್ನು ಕೊಡುವ ಬದಲು ಲೆಕ್ಕ ಹಾಕುವ ಫಂಕ್ಷನ್ನನ್ನೇ ಕೊಡಿ, ಬೇಕಾದರೆ ಒಳಗಿನವನು ಕರೆದುಕೊಳ್ಳುತ್ತಾನೆ. ಲಾಗ್ ಬರೆಯುವಾಗಲೂ ಇದೇ ಕಥೆ: ಪೈಥಾನ್‌ನಲ್ಲಿ ಡಿಬಗ್ ಲಾಗ್ ಆಫ್ ಇದ್ದರೂ ಎಫ್-ಸ್ಟ್ರಿಂಗ್ (ವಾಕ್ಯದ ನಡುವೆಯೇ ಮೌಲ್ಯ ತುಂಬುವ ಬಗೆ) ಬಳಸಿದರೆ ಆ ವಾಕ್ಯ ಪೂರ್ತಿ ಹೊಸೆದು ತಯಾರಾಗುತ್ತದೆ, ಆಮೇಲೆ ಕಸಕ್ಕೆ ಹೋಗುತ್ತದೆ. ಲಾಗಿಂಗ್ ಮಾಡ್ಯೂಲ್‌ಗೆ ಮಾದರಿ ವಾಕ್ಯವನ್ನೂ ಅದರಲ್ಲಿ ತುಂಬುವ ಮೌಲ್ಯಗಳನ್ನೂ ಬೇರೆ ಬೇರೆಯಾಗಿ ಕೊಟ್ಟರೆ ಬೇಕಾದಾಗ ಮಾತ್ರ ಹೊಸೆಯುತ್ತದೆ. ಆ ಮೌಲ್ಯದ ಜಾಗದಲ್ಲಿ ಫಂಕ್ಷನ್ ಕರೆಯನ್ನೇ ಬರೆದಿದ್ದರೆ ಮಾತ್ರ ಅದು ಹೇಗೂ ಓಡುತ್ತದೆ, ಅದನ್ನು ಮರೆಯಬೇಡಿ.

ಇದರ ತುತ್ತತುದಿ ನೋಡಬೇಕೆಂದರೆ ಲಿನಕ್ಸ್ ಕರ್ನಲ್ ನೋಡಿ. ಒಳಗೆ ಏನು ನಡೆಯುತ್ತಿದೆ ಎಂದು ಇಣುಕಲು ಇಟ್ಟಿರುವ ಅಲ್ಲಿನ ಟ್ರೇಸ್‌ಪಾಯಿಂಟ್‌ಗಳು ಆಫ್ ಇದ್ದಾಗ ‘ಆನ್ ಇದೆಯಾ’ ಎಂದು ಪ್ರತಿ ಸಲ ಕೇಳುವುದು ಕೂಡ ದುಬಾರಿ ಎಂದು, ಆ ಜಾಗದಲ್ಲಿ ಏನೂ ಮಾಡದ ಒಂದು ಸೂಚನೆ ಇಟ್ಟಿರುತ್ತಾರೆ. ಆನ್ ಮಾಡಿದಾಗ ಓಡುತ್ತಿರುವ ಕೋಡನ್ನೇ ತಿದ್ದಿ ಅಲ್ಲಿ ಜಿಗಿತ ಬರೆಯುತ್ತಾರೆ. ನಿಮಗೂ ನನಗೂ ಅಷ್ಟೆಲ್ಲ ಬೇಡ.

ಎರಡನೆಯ ತಿರುವು ಕ್ರಾನ್ ಜಾಬ್. ನಿಮ್ಮ ಬಿಲ್‌ನ ದೊಡ್ಡ ಪಾಲು ಇಲ್ಲೇ ಇದೆ ಎಂದು ನನಗೆ ಅನುಮಾನವಿಲ್ಲ. ಐದು ನಿಮಿಷಕ್ಕೊಮ್ಮೆ ಅಂದರೆ ದಿನಕ್ಕೆ 288 ಸಲ. ಪ್ರತಿ ಸಲ 40 ಹೋಂಸ್ಟೇಗಳಿಗೂ ನಕ್ಷೆ ಸೇವೆಯನ್ನು ಕೇಳುತ್ತದೆ: ದಿನಕ್ಕೆ 11,520 ಕರೆ. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ 122 ದಿನ. ಮಳೆಗಾಲ ಮುಗಿಯುವಷ್ಟರಲ್ಲಿ 14,05,440 ಕರೆ. ಒಬ್ಬ ಪ್ರವಾಸಿಯೂ ಜೀಪ್ ಹತ್ತದ ನಾಲ್ಕು ತಿಂಗಳಿಗೆ. ಕ್ರಾನ್‌ಗೆ ಬಟನ್ ಏನೆಂದೇ ಗೊತ್ತಿಲ್ಲ. ಯಾರೂ ಆ್ಯಪ್ ತೆರೆಯದಿದ್ದರೂ ಅದು ಓಡುತ್ತದೆ. ಹಾಗಾಗಿ ಆಫ್ ಮಾಡಿದ ಮೇಲೂ ಹೊರೆ ಎಳ್ಳಷ್ಟೂ ಇಳಿಯದಿದ್ದರೆ ನಾನು ಮೊದಲು ನೋಡುವುದು ಕ್ರಾನ್ ಪಟ್ಟಿಯನ್ನೇ.

ಅಂದ ಹಾಗೆ, ನೀವು ಕೇಳದ ಒಂದು ಮಾತು. ಸೌಲಭ್ಯ ಆನ್ ಇರುವಾಗಲಾದರೂ ಐದು ನಿಮಿಷಕ್ಕೊಮ್ಮೆ ದೂರ ಕೇಳುವುದು ಯಾಕೆ? ಹೋಂಸ್ಟೇ ಎದ್ದು ಓಡಾಡುವುದಿಲ್ಲ, ಜೀಪ್ ಹತ್ತುವ ಜಾಗವೂ ಅಲ್ಲೇ ಇರುತ್ತದೆ. ಒಂದು ಸಲ ಕೇಳಿ ಟೇಬಲ್‌ನಲ್ಲಿ ಇಟ್ಟುಕೊಳ್ಳಿ. ಎಷ್ಟು ದಿನ ಇಟ್ಟುಕೊಳ್ಳಬಹುದು ಎಂಬುದಕ್ಕೆ ಆ ಸೇವೆಯ ಷರತ್ತುಗಳನ್ನು ಓದಿ, ಕೆಲವರು ಹೆಚ್ಚು ದಿನ ಉಳಿಸಿಕೊಳ್ಳಲು ಬಿಡುವುದಿಲ್ಲ. ಅದೂ ರಗಳೆ ಎನಿಸಿದರೆ 40 ಹೋಂಸ್ಟೇಗಳ ದೂರವನ್ನು ಜೀಪ್ ಓಡಿಸುವವರನ್ನೇ ಕೇಳಿ ಬರೆದುಕೊಳ್ಳಿ. ಒಂದು ಮಧ್ಯಾಹ್ನದ ಕೆಲಸ. ಯಾವ ತಿರುವಿನಲ್ಲಿ ಎಷ್ಟು ಹೊತ್ತಾಗುತ್ತದೆ ಎಂಬುದು ನಕ್ಷೆಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಕ್ರಾನ್ ಒಳಗೆ ಮೊದಲ ಸಾಲಿನಲ್ಲಿ ಫ್ಲ್ಯಾಗ್ ನೋಡಿ ವಾಪಸ್ ಬಂದರೆ ಸಾಕೇ? ಬಹುತೇಕ ಸಾಕು. ಆದರೆ ನಿಮ್ಮ ಫ್ಲ್ಯಾಗ್ ಇರುವುದು ಡೇಟಾಬೇಸ್‌ನಲ್ಲಿ. ಕೆಲಸವಿಲ್ಲದಾಗ ತಾನೇ ಮಲಗಿ, ಕರೆ ಬಂದಾಗ ಏಳುವ ಬಗೆಯ ಡೇಟಾಬೇಸ್ ಬಳಸುತ್ತಿದ್ದರೆ, ‘ಆಫ್ ಇದೆಯಾ’ ಎಂದು ಕೇಳಲೆಂದೇ ಐದು ನಿಮಿಷಕ್ಕೊಮ್ಮೆ ಅದನ್ನು ತಟ್ಟಿ ಎಬ್ಬಿಸಿದಂತಾಯಿತು. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಒಂದು ಕೋಣೆಯ ಬುಕಿಂಗೂ ಇಲ್ಲದ ರಾತ್ರಿಗಳಲ್ಲಿ ಅದು ನಿದ್ದೆ ಮಾಡಬೇಕಿತ್ತು, ಮಾಡುತ್ತಿಲ್ಲ. ನಾಲ್ಕು ತಿಂಗಳ ಆಫ್ ಎಂದು ಮೊದಲೇ ಗೊತ್ತಿರುವಾಗ ಆ ಸಾಲನ್ನು ಕ್ರಾನ್ ಪಟ್ಟಿಯಿಂದಲೇ ತೆಗೆಯಿರಿ. ರೆಡ್ ಅಲರ್ಟ್ ಬಂದ ದಿನ ಒಂದೆರಡು ದಿವಸಕ್ಕೆ ಮುಚ್ಚುವುದಾದರೆ ಒಳಗಿನ ಫ್ಲ್ಯಾಗ್ ಸಾಕು.

ಮೂರನೆಯ ತಿರುವು ಕ್ಯೂ, ಅಂದರೆ ಮಾಡಬೇಕಾದ ಕೆಲಸಗಳು ಸರದಿಗೆ ಕಾಯುವ ಸಾಲು. ಇದರಲ್ಲಿ ನಾನೇ ಮುಗ್ಗರಿಸಿದ್ದೇನೆ, ಹೇಳಲು ಸಂಕೋಚವಿಲ್ಲ. ಕೆಲವು ವರ್ಷಗಳ ಹಿಂದೆ ಕಾಫಿ ವ್ಯಾಪಾರಿಯೊಬ್ಬರಿಗೆ, 50 ಕೆ.ಜಿ. ಚೀಲದ ದಿನದ ದರವನ್ನು ಬೆಳೆಗಾರರಿಗೆ ಎಸ್‌ಎಂಎಸ್ ಮಾಡುವ ವ್ಯವಸ್ಥೆ ಕಟ್ಟಿಕೊಟ್ಟಿದ್ದೆ. ಕೊಯ್ಲು ಮುಗಿದ ಮೇಲೆ ದಿನಾ ಬೇಡ ಎಂದರು. ನಾನು ಕ್ಯೂನಿಂದ ಸಂದೇಶ ತೆಗೆದು ಎಸ್‌ಎಂಎಸ್ ಕಳಿಸುವ ಪ್ರೋಗ್ರಾಮ್, ಅಂದರೆ ವರ್ಕರ್, ನಿಲ್ಲಿಸಿದೆ. ದರ ನಮೂದಿಸಿದ ಕೂಡಲೇ ಸಂದೇಶ ತಯಾರಿಸಿ ಕ್ಯೂಗೆ ಹಾಕುವ ಭಾಗ ಹಾಗೆಯೇ ಉಳಿಯಿತು. ಅವರ ಗುಮಾಸ್ತರು ದಿನಾ ದರ ಹಾಕುತ್ತಿದ್ದರು, ಕ್ಯೂ ತುಂಬುತ್ತಿತ್ತು. ನಾನು ಬಳಸಿದ್ದು ರೆಡಿಸ್ ಎಂಬ ಡೇಟಾಬೇಸ್‌ನ ಒಂದು ಲಿಸ್ಟ್, ಅದರಲ್ಲಿನ ಸಂದೇಶಗಳಿಗೆ ವಾಯಿದೆ ಎಂಬುದೇ ಇರಲಿಲ್ಲ. ನವೆಂಬರ್‌ನಲ್ಲಿ ಒಂದು ಬೆಳಗಿನ ಜಾವ ವರ್ಕರ್ ಮತ್ತೆ ಆನ್ ಮಾಡಿದೆ. ಬೇಸಿಗೆಯಿಂದ ದೀಪಾವಳಿವರೆಗಿನ ದರವೆಲ್ಲ ಒಂದರ ಹಿಂದೊಂದು ಹೊರಟಿತು. ಸುಂಟಿಕೊಪ್ಪ ಕಡೆಯ ಹಿರಿಯರೊಬ್ಬರು ಫೋನ್ ಮಾಡಿ, “ಫೋನ್ ನಿಲ್ಲದೆ ಕುಂಯ್‌ಗುಡ್ತಾ ಉಂಟು, ಇದರಲ್ಲಿ ಇವತ್ತಿನ ದರ ಯಾವುದಪ್ಪ?” ಎಂದು ಕೇಳಿದರು. ಎಸ್‌ಎಂಎಸ್ ದುಡ್ಡು ನನ್ನ ಕೈಯಿಂದ ಹೋಯಿತು.

ಆವತ್ತಿನಿಂದ ನನ್ನ ಕ್ರಮ ಇದು: ನಿಲ್ಲಿಸುವಾಗ ಕ್ಯೂಗೆ ಹಾಕುವವರನ್ನು ಮೊದಲು ನಿಲ್ಲಿಸು, ಉಳಿದದ್ದು ಖಾಲಿಯಾಗಲಿ, ಆಮೇಲೆ ತೆಗೆಯುವವರನ್ನು ನಿಲ್ಲಿಸು. ಶುರು ಮಾಡುವಾಗ ಇದರ ತಿರುಗುಮುರುಗು. ತಾನೇ ಹಳೆಯದನ್ನು ಕಳೆದುಕೊಳ್ಳುವ ಕ್ಯೂ ಬಳಸಿದರೂ ಅದನ್ನೇ ನೆಚ್ಚಿ ಕೂರಬೇಡಿ. ಅಮೆಜಾನ್‌ನ ಎಸ್‌ಕ್ಯೂಎಸ್ ಎಂಬ ಕ್ಯೂ ಸೇವೆ ಸಂದೇಶವನ್ನು ಹೇಳದೆ ಬಿಟ್ಟರೆ 4 ದಿನ, ಹೇಳಿದರೆ 14 ದಿನದವರೆಗೆ ಇಟ್ಟುಕೊಳ್ಳುತ್ತದೆ. ಜೀಪ್ ಬುಕಿಂಗ್‌ನಂಥದ್ದಕ್ಕೆ ನಾಲ್ಕು ದಿನ ಹಳೆಯ ಸಂದೇಶವೂ ಹಾನಿಯೇ.

ನಾಲ್ಕನೆಯದು ನಿಮ್ಮ ಆ್ಯಪ್. ಬಟನ್ ಮರೆಯಾದರೂ ಮುಖಪುಟ ತೆರೆದಾಗಲೆಲ್ಲ ಜೀಪ್ ಲಭ್ಯತೆ ಕೇಳುವ ಕರೆ ಹೋಗುತ್ತಿದೆಯೇ ನೋಡಿ. ಜೊತೆಗೆ, ಹೋದ ಚಳಿಗಾಲದಲ್ಲಿ ಬಂದ ಅತಿಥಿಗಳ ಫೋನ್‌ಗಳಲ್ಲಿ ಫ್ಲ್ಯಾಗ್ ಏನೆಂದೇ ತಿಳಿಯದ ಹಳೆಯ ಆವೃತ್ತಿ ಇರುತ್ತದೆ. ಆ್ಯಪ್ ತಿದ್ದಿದರೆ ಆಯಿತು ಎಂದು ಸರ್ವರ್ ಕಡೆಯ ಬಾಗಿಲನ್ನು ತೆರೆದಿಡುವ ಹಾಗಿಲ್ಲ.

ಇಷ್ಟನ್ನು ಓದಿ ಇವತ್ತೇ ರಾತ್ರಿ ಎಲ್ಲಾ ಕಡೆ ‘ಆಫ್ ಇದ್ದರೆ ವಾಪಸ್’ ಎಂದು ಬರೆದುಬಿಡುತ್ತೀರೇನೋ ಎಂಬ ಭಯ ನನಗಿದೆ. ಸ್ವಲ್ಪ ನಿಲ್ಲಿ. ಮೇ 30ಕ್ಕೆ ಯಾರೋ ಜೀಪ್ ಬುಕ್ ಮಾಡಿ ದುಡ್ಡು ಕಟ್ಟಿದ್ದಾರೆ, ಮಳೆ ಎಂದು ರದ್ದು ಮಾಡಿದ್ದಾರೆ, ದುಡ್ಡು ವಾಪಸಾಗಿದೆ ಎಂದು ಪೇಮೆಂಟ್ ಗೇಟ್‌ವೇ ನಿಮಗೆ ತಿಳಿಸುವುದು ಜೂನ್ 4ಕ್ಕೆ. ಅಷ್ಟರಲ್ಲಿ ನಿಮ್ಮ ಜೀಪ್ ವಿಭಾಗಕ್ಕೆ ಬೀಗ ಬಿದ್ದಿದೆ. ಗೇಟ್‌ವೇ ತಟ್ಟುತ್ತದೆ, ಬಾಗಿಲು ತೆರೆಯುವುದಿಲ್ಲ, ಮತ್ತೆ ಮತ್ತೆ ತಟ್ಟಿ ಕೊನೆಗೆ ಬಿಟ್ಟುಬಿಡುತ್ತದೆ. ನಿಮ್ಮ ಲೆಕ್ಕದಲ್ಲಿ ದುಡ್ಡು ಇನ್ನೂ ಬಂದದ್ದೇ ಇದೆ, ಬ್ಯಾಂಕಿನಲ್ಲಿ ಇಲ್ಲ. ಜಿಎಸ್‌ಟಿ ಲೆಕ್ಕ ಕೊಡುವಾಗ ತಲೆ ಕೆರೆದುಕೊಳ್ಳುವವರು ನೀವೇ.

ಆದ್ದರಿಂದ ಆನ್, ಆಫ್ ಎಂಬ ಎರಡೇ ಸ್ಥಿತಿ ನಿಮಗೆ ಸಾಲದು. ನಡುವೆ ಇನ್ನೊಂದು ಬೇಕು: ಹೊಸದು ಬೇಡ, ಹಳೆಯದು ಮುಗಿಯಲಿ. ಆ ಸ್ಥಿತಿಯಲ್ಲಿ ಲಭ್ಯತೆ, ದೂರ, ದರ, ಜಾಹೀರಾತಿನ ಎಸ್‌ಎಂಎಸ್ ಎಲ್ಲಾ ನಿಲ್ಲುತ್ತದೆ. ರದ್ದತಿ, ಮರುಪಾವತಿ, ರಸೀದಿ, ಹಳೆಯ ಬುಕಿಂಗ್ ನೋಡುವುದು ನಡೆಯುತ್ತದೆ. ಬಾಕಿ ಇರುವ ಬುಕಿಂಗ್ ಸೊನ್ನೆಯಾದ ಮೇಲೆ ಪೂರ್ತಿ ಆಫ್. ಮರುಪಾವತಿಯ ಕಿಂಡಿಯನ್ನು ಮಾತ್ರ ಆಗಲೂ ಮುಚ್ಚಬೇಡಿ. ವರ್ಷಕ್ಕೆ ಹತ್ತು ಕರೆ ಬರಬಹುದು, ಖರ್ಚೇ ಇಲ್ಲ. ಯಾವ ಕೆಲಸ ಈ ಸೌಲಭ್ಯಕ್ಕೆ ಮಾತ್ರ ಸೇರಿದ್ದು, ಯಾವುದನ್ನು ಬೇರೆಯವರೂ ನೆಚ್ಚಿದ್ದಾರೆ ಎಂದು ಮೂವರೂ ಕೂತು ಒಂದು ಕಾಗದದ ಮೇಲೆ ಬರೆಯಿರಿ. ತೋಡು ಕಟ್ಟುವ ಮೊದಲು ಕೆಳಗಿನ ಮನೆಯವರು ಅದೇ ನೀರು ಕುಡಿಯುತ್ತಾರಾ ಎಂದು ನೋಡುವ ಹಾಗೆ.

ಫ್ಲ್ಯಾಗ್ ನೋಡುವ ಖರ್ಚಿನ ಬಗ್ಗೆ ಚಿಕ್ಕದಾಗಿ. ನಿಮ್ಮ ಒಂದು ಪುಟ ತಯಾರಾಗುವಷ್ಟರಲ್ಲಿ ಫ್ಲ್ಯಾಗ್ ಅನ್ನು ಹನ್ನೆರಡು ಕಡೆ ಡೇಟಾಬೇಸ್‌ನಿಂದ ಓದುತ್ತಿದ್ದೀರಿ. ಸರ್ವರ್‌ನ ಮೆಮೊರಿಯಲ್ಲಿ ಇಟ್ಟುಕೊಂಡು ನಿಮಿಷಕ್ಕೊಮ್ಮೆ ಹೊಸದು ಮಾಡಿಕೊಳ್ಳಿ. ಒಂದು ಕೋರಿಕೆಗೆ ಒಂದೇ ಸಲ ಓದಿ, ಕೊನೆಯವರೆಗೂ ಅದೇ ಉತ್ತರವನ್ನು ಕೊಂಡೊಯ್ಯಿರಿ. ಇಲ್ಲವಾದರೆ ನಡುವೆ ಯಾರಾದರೂ ಫ್ಲ್ಯಾಗ್ ತಿರುಗಿಸಿದಾಗ ಅರ್ಧ ಪುಟ ಆನ್, ಅರ್ಧ ಪುಟ ಆಫ್ ಆಗುತ್ತದೆ. ಫ್ಲ್ಯಾಗ್ ಓದಲು ಆಗಲೇ ಇಲ್ಲ ಎಂದರೆ ಕೊನೆಯ ಸಲ ಗೊತ್ತಿದ್ದ ಸ್ಥಿತಿಯನ್ನೇ ಬಳಸಿ. ಅದೂ ಇಲ್ಲದಿದ್ದರೆ ಜೀಪ್‌ನಂಥದ್ದಕ್ಕೆ ಆಫ್.

ಇನ್ನು, ‘ಹಳೆಯ ಚಾರಣ ಸೌಲಭ್ಯದ ಫ್ಲ್ಯಾಗ್ ಖಾಲಿ ಇತ್ತು, ಅದನ್ನೇ ಜೀಪ್‌ಗೆ ಬಳಸಿದೆವು’ ಎಂದು ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ಓದಿ ಎದೆ ಝಲ್ಲೆಂದಿತು. ಅಮೆರಿಕದಲ್ಲಿ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆ ಇತ್ತು. 2003ರಲ್ಲೇ ಬಳಕೆ ನಿಲ್ಲಿಸಿದ್ದ ‘ಪವರ್ ಪೆಗ್’ ಎಂಬ ಸೌಲಭ್ಯದ ಕೋಡನ್ನು ಅವರು ಅಳಿಸದೆ ಹಾಗೆಯೇ ಬಿಟ್ಟಿದ್ದರು. 2012ರಲ್ಲಿ ಹೊಸ ಸೌಲಭ್ಯಕ್ಕೆ ಆ ಹಳೆಯ ಫ್ಲ್ಯಾಗನ್ನೇ ಬಳಸಿದರು. ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ಹಾಕುವುದು ತಪ್ಪಿಹೋಯಿತು. ಆಗಸ್ಟ್ 1ರ ಬೆಳಿಗ್ಗೆ ಮಾರುಕಟ್ಟೆ ತೆರೆದಾಗ ಆ ಒಂದು ಸರ್ವರ್‌ನಲ್ಲಿ ಫ್ಲ್ಯಾಗ್ ಎಬ್ಬಿಸಿದ್ದು ಒಂಬತ್ತು ವರ್ಷದಿಂದ ಮಲಗಿದ್ದ ಪವರ್ ಪೆಗ್ಗನ್ನು. ಸುಮಾರು 45 ನಿಮಿಷದಲ್ಲಿ ಲಕ್ಷಗಟ್ಟಲೆ ವಹಿವಾಟು, 46 ಕೋಟಿ ಡಾಲರ್‌ಗೂ ಮಿಕ್ಕಿದ ನಷ್ಟ. ನಿಮ್ಮ ಚಾರಣದ ಕೋಡ್ ಇನ್ನು ಬೇಡ ಎಂದಾದರೆ ಅಳಿಸಿಬಿಡಿ, ಹಳೆಯ ಕೋಡನ್ನು ಉಳಿಸಿಡುವ ಗಿಟ್‌ನಲ್ಲಿ ಹೇಗೂ ಇರುತ್ತದೆ. ಜೀಪ್‌ಗೆ ಹೊಸ ಹೆಸರಿನ ಫ್ಲ್ಯಾಗ್ ಮಾಡಿಕೊಳ್ಳಿ. ಈ ಉತ್ತರದಲ್ಲಿ ಬೇರೇನನ್ನು ಮಾಡದಿದ್ದರೂ ಇದನ್ನು ಮಾಡಿ.

ಕೈ ಹಾಕುವ ಮೊದಲು ಅಳೆಯುವುದು ಹೇಗೆ? ನೀವು ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುತ್ತಿರುವುದರಿಂದ ಪಿಜಿ-ಸ್ಟ್ಯಾಟ್-ಸ್ಟೇಟ್‌ಮೆಂಟ್ಸ್ ಎಂಬ ಎಕ್ಸ್‌ಟೆನ್ಷನ್ ಆನ್ ಮಾಡಿ, ಲೆಕ್ಕ ಸೊನ್ನೆಗೆ ತಂದು ಒಂದು ಪೂರ್ತಿ ದಿನ ಬಿಡಿ. ಮರುದಿನ ಜೀಪ್ ಟೇಬಲ್‌ಗಳ ಹೆಸರಿರುವ ಕ್ವೆರಿಗಳು ಎಷ್ಟು ಸಲ ಓಡಿವೆ, ಒಟ್ಟು ಎಷ್ಟು ಸಮಯ ತಿಂದಿವೆ ಎಂದು ನೋಡಿ. ಒಂದು ಕ್ವೆರಿಯ ಪಕ್ಕ 11,520 ಎಂದು ಕಂಡರೆ ಅದರ ತವರು ಯಾವುದೆಂದು ನಿಮಗೀಗ ಗೊತ್ತು. ಕೋಣೆ ಬುಕಿಂಗ್ ಟೇಬಲ್‌ಗೆ ಟ್ರಿಗರ್ (ಟೇಬಲ್ ಬದಲಾದಾಗ ತಾನೇ ಓಡುವ ಕೋಡ್) ಕಟ್ಟಿ ಅಲ್ಲಿಂದ ಜೀಪ್ ಲೆಕ್ಕ ಬದಲಾಯಿಸುತ್ತಿದ್ದರೆ, ಅದೂ ಇಲ್ಲಿ ಸಿಕ್ಕಿಬೀಳಲು ಆ ಎಕ್ಸ್‌ಟೆನ್ಷನ್‌ನ track ಸೆಟ್ಟಿಂಗನ್ನು all ಎಂದು ಇಡಿ, ಹೇಳದೆ ಬಿಟ್ಟರೆ ಟ್ರಿಗರ್ ಒಳಗಿನ ಕ್ವೆರಿಗಳು ಬೇರೆಯಾಗಿ ಕಾಣುವುದಿಲ್ಲ. ತಿದ್ದಿದ ಮೇಲೆ ಮತ್ತೆ ಸೊನ್ನೆ ಮಾಡಿ ಇನ್ನೊಂದು ದಿನ ಬಿಡಿ. ಜೊತೆಗೆ ಒಂದು ಟೆಸ್ಟ್ ಬರೆಯಿರಿ: ಫ್ಲ್ಯಾಗ್ ಆಫ್, ನಕ್ಷೆ ಸೇವೆಯ ಜಾಗದಲ್ಲಿ ಕರೆದ ಕೂಡಲೇ ಎರರ್ ಎಸೆಯುವ ನಕಲಿ. ಪುಟ ತೆರೆದಾಗ ಎರರ್ ಬರಬಾರದು. ‘ಬಟನ್ ಕಾಣುವುದಿಲ್ಲ’ ಎಂದು ನೋಡುವ ಈಗಿನ ಟೆಸ್ಟ್ ಇದನ್ನು ಜನ್ಮದಲ್ಲಿ ಹಿಡಿಯುವುದಿಲ್ಲ.

ಪಟ್ಟಿಯಲ್ಲಿ ಕಂಡದ್ದೆಲ್ಲವನ್ನೂ ಅಟ್ಟಿಸಿಕೊಂಡು ಹೋಗಬೇಡಿ. ಪ್ರೈಮರಿ ಕೀ ಮೇಲೆ ಒಂದು ಸಾಲು ಓದುವ ಕ್ವೆರಿ ದಿನಕ್ಕೆ ಇನ್ನೂರು ಸಲ ಓಡಿದರೆ ಓಡಲಿ ಬಿಡಿ. ಅದನ್ನು ತಪ್ಪಿಸಲು ಹಾಕುವ ಷರತ್ತೇ ಮುಂದೆ ಬಗ್‌ಗೆ ಗೂಡಾಗುತ್ತದೆ. ಜೀಪ್ ಟೇಬಲ್‌ನ ಇಂಡೆಕ್ಸ್‌ಗಳನ್ನೂ ಮುಟ್ಟಬೇಡಿ. ಬರವಣಿಗೆ ನಿಂತ ಮೇಲೆ ಅವುಗಳಿಂದ ಜಾಗ ಬಿಟ್ಟರೆ ಬೇರೆ ಖರ್ಚಿಲ್ಲ, ಅಕ್ಟೋಬರ್‌ನಲ್ಲಿ ಬೇಕೇ ಬೇಕು.

404ರ ಪ್ರಶ್ನೆ. ಹೊಸ ಆ್ಯಪ್‌ಗೆ ಯಾವುದಾದರೂ ನಡೆಯುತ್ತದೆ. ಹಳೆಯ ಆವೃತ್ತಿಗಳಿಗಾಗಿ ನಾನಾದರೆ 200, ಅಂದರೆ ‘ಎಲ್ಲಾ ಸರಿ’, ಎಂದು ಹೇಳಿ ಖಾಲಿ ಪಟ್ಟಿ ಕಳಿಸುತ್ತೇನೆ. ‘ಇವತ್ತು ಜೀಪ್ ಇಲ್ಲ’ ಎಂದು ತೋರಿಸುವುದು ಹಳೆಯ ಆ್ಯಪ್‌ಗೂ ಗೊತ್ತಿರುತ್ತದೆ, 404 ಬಂದರೆ ಕೆಲವು ಆವೃತ್ತಿಗಳು ಬಿಳಿ ಪರದೆ ತೋರಿಸಿ ಕೂತುಬಿಡುತ್ತವೆ. ಸರ್ವರ್‌ನಲ್ಲೇ ತೊಂದರೆ ಇದೆ ಎನ್ನುವ 500, 503 ಮಾತ್ರ ಬೇಡವೇ ಬೇಡ. ನಿಮ್ಮ ಆ್ಯಪ್ ಅಂಥ ಉತ್ತರಕ್ಕೆ ಮೂರು ಸಲ ಮರುಪ್ರಯತ್ನ ಮಾಡುತ್ತದೆ ಎಂದು ನೀವೇ ಬರೆದಿದ್ದೀರಿ. ಕೆಲಸ ಕಡಿಮೆ ಮಾಡಲು ಹೋಗಿ ಕರೆಗಳನ್ನು ನಾಲ್ಕು ಪಟ್ಟು ಮಾಡಿಕೊಂಡಂತಾಗುತ್ತದೆ. ಹೊಸ ಬುಕಿಂಗ್ ಮಾಡುವ ಕೋರಿಕೆ ಬಂದರೆ ಖಾಲಿ ಉತ್ತರ ಸಲ್ಲದು, ‘ಸದ್ಯ ಬುಕಿಂಗ್ ಇಲ್ಲ’ ಎಂಬ ಸ್ಪಷ್ಟ ನಿರಾಕರಣೆ ಹೋಗಬೇಕು.

ಕೊನೆಯದಾಗಿ, ಮತ್ತೆ ಆನ್ ಮಾಡುವ ದಿನ. ಮಡಿಕೇರಿ ದಸರಾಕ್ಕೆ ಪಂಪಿನಕೆರೆಯಿಂದ ಕರಗ ಹೊರಡುವ ದಿನವೇ ಆನ್ ಮಾಡುವ ಯೋಚನೆ ಎಂದಿದ್ದೀರಿ. ಅವತ್ತು ಬೇಡ. ನಾಲ್ಕು ತಿಂಗಳು ನಿಂತ ಕೆಲಸದ ಕ್ಯಾಶ್ (ಮೊದಲೇ ಲೆಕ್ಕ ಹಾಕಿಟ್ಟ ಉತ್ತರಗಳ ಸಂಗ್ರಹ) ಖಾಲಿ ಇರುತ್ತದೆ, ಲಭ್ಯತೆಯ ಟೇಬಲ್‌ನಲ್ಲಿ ಮೇ ತಿಂಗಳ ಜೀಪುಗಳೇ ಕೂತಿರುತ್ತವೆ, ಊರು ತುಂಬಾ ಪ್ರವಾಸಿಗರು. ಅದಕ್ಕೆ ನಾಲ್ಕೈದು ದಿನ ಮೊದಲು, ಬಟನ್ ಇನ್ನೂ ಮರೆಯಲ್ಲೇ ಇರುವಾಗ, ಕ್ರಾನ್ ಸಾಲನ್ನು ವಾಪಸ್ ಹಾಕಿ. ಕ್ಯೂ ಸೊನ್ನೆ ಇದೆಯೇ ನೋಡಿ ವರ್ಕರ್ ಎಬ್ಬಿಸಿ. ಎಲ್ಲಾ ಹೋಂಸ್ಟೇಗಳ ಲೆಕ್ಕವನ್ನು ಒಟ್ಟಿಗೆ ಅಲ್ಲದೆ ಐದೈದರಂತೆ ಕ್ಯಾಶ್‌ಗೆ ತುಂಬಿಕೊಳ್ಳಿ. ಆಮೇಲೆ ನಿಮಗೆ ಪರಿಚಯವಿರುವ ಒಂದೇ ಹೋಂಸ್ಟೇಗೆ ಬಟನ್ ತೋರಿಸಿ, ಅವರ ಕೈಯಲ್ಲೇ ಒಂದು ಜೀಪ್ ಬುಕ್ ಮಾಡಿಸಿ, ರದ್ದೂ ಮಾಡಿಸಿ. ಮರುಪಾವತಿ ಬಂತು ಎಂದು ಅವರು ಹೇಳಿದ ಮೇಲೆ ಉಳಿದ 39.